ಚಳಿಗಾಲಕ್ಕೆ ಹಾಯಿದೋಣಿ ನಿಲ್ಲಿಸುವಾಗ ನೀರು ಎಲ್ಲೆಲ್ಲಿ ಉಳಿಯುತ್ತದೆ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ಹನ್ನೆರಡು ವರ್ಷದಿಂದ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿದ್ದೇನೆ. ಕಳೆದ ಏಪ್ರಿಲ್‌ನಲ್ಲಿ ಗೆಳೆಯನ ಜೊತೆ ಸೇರಿ 31 ಅಡಿಯ ಹಳೆ ಹಾಯಿದೋಣಿ ಕೊಂಡೆ. 1986ರ ಫೈಬರ್ ಬೋಟ್. ಸಮುದ್ರದ ನೀರಿನಿಂದಲೇ ನೇರವಾಗಿ ತಣ್ಣಗಾಗುವ ಹಳೆ ಡೀಸೆಲ್ ಇಂಜಿನ್. ಬೇಸಿಗೆಯೆಲ್ಲ ಇಲ್ಲಿನ ಸೊಲೆಂಟ್ ಜಲಸಂಧಿಯಲ್ಲಿ ಓಡಾಡಿದೆವು, ಒಮ್ಮೆ ಫ್ರಾನ್ಸಿನ ಶೆರ್ಬೂರ್‌ಗೂ ಹೋಗಿ ಬಂದೆವು. ಈಗ ಅಕ್ಟೋಬರ್, ಬೋಟ್ ಹ್ಯಾಂಬಲ್ ನದಿಯ ಮರೀನಾದಲ್ಲಿದೆ. ನೀರಿನಲ್ಲೇ ಬಿಡಿ ಅಂತ ಒಬ್ಬರು, ದಡಕ್ಕೆ ಎತ್ತಿಸಿ ಅಂತ ಇನ್ನೊಬ್ಬರು, ಟಾರ್ಪಾಲು ಹೊದಿಸಿ ಒಳಗೊಂದು ಹೀಟರ್ ಇಡಿ ಅಂತ ಮತ್ತೊಬ್ಬರು. ಮಾರ್ಚ್ ಕೊನೆಯವರೆಗೆ ನಾವು ಬೋಟ್ ಕಡೆ ಹೋಗುವುದಿಲ್ಲ. ಏನೇನು ಮಾಡಬೇಕು? ಅಡುಗೆ ಜಾಗದಲ್ಲಿರುವ ಅಕ್ಕಿ, ಅವಲಕ್ಕಿ, ಉಪ್ಪಿನಕಾಯಿ ಅಲ್ಲೇ ಬಿಡಬಹುದಾ?

ಉತ್ತರ: ನಾನು ಮಲ್ಪೆಯವನು. ಅಪ್ಪ ಬಂದರಿನಲ್ಲಿ ಬೋಟ್ ಇಂಜಿನ್ ರಿಪೇರಿ ಮಾಡುತ್ತಿದ್ದರು. ಅದೇ ಕೆಲಸವನ್ನು ಇಪ್ಪತ್ತು ವರ್ಷದಿಂದ ನಿಮ್ಮ ಸೊಲೆಂಟ್ ದಡದಲ್ಲಿ ಮಾಡುತ್ತಿದ್ದೇನೆ. ನಮ್ಮೂರಲ್ಲಿ ಬೋಟುಗಳಿಗೆ ರಜೆ ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟುಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ಬಂದರಿನಲ್ಲಿ ನಿಂತಿರುತ್ತವೆ. ಇಂಜಿನ್ ಬಿಚ್ಚುವುದು, ಬಲೆ ಸರಿಮಾಡುವುದು ಎಲ್ಲ ಆಗಲೇ. ಆಗ ಅಪ್ಪ ಒಂದು ಮಾತು ಹೇಳುತ್ತಿದ್ದರು. ಎಲ್ಲರೂ ಉಪ್ಪುನೀರಿಗೆ ಬೈಯುತ್ತಾರೆ, ಆದರೆ ನಿಂತ ಬೋಟನ್ನು ಕೊಲ್ಲುವುದು ಮಳೆನೀರು ಅಂತ.

ಇಲ್ಲಿಗೆ ಬಂದ ಮೇಲೆ ಅದಕ್ಕೆ ನಾನು ಸೇರಿಸಿದ್ದು ಇಷ್ಟೇ: ಮಳೆನೀರು, ಪೈಪಿನಲ್ಲಿ ಉಳಿದ ನೀರು, ಗಾಳಿಯಿಂದ ಬೆವರಾಗಿ ಇಳಿಯುವ ನೀರು, ಡೀಸೆಲ್ ತಳದಲ್ಲಿ ಕೂತ ನೀರು. ಚಳಿಗೆ ಅಂತ ಏನೂ ಕೆಡುವುದಿಲ್ಲ. ಹೆಪ್ಪುಗಟ್ಟಿದಾಗ ನೀರು ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಹಿಗ್ಗಲು ಜಾಗ ಇಲ್ಲದ ಕಡೆ ಒಡೆಯುತ್ತದೆ. ಹಾಗಾಗಿ ಪಕ್ಕದವರ ಸಲಹೆ ಎಲ್ಲ ಒಂದು ಕಡೆ ಇಡಿ. ಟಾರ್ಚ್ ಹಿಡಿದು ಬೋಟ್ ಒಳಗೆ ಕೂತು, ನೀರು ಎಲ್ಲೆಲ್ಲಿ ಉಳಿದಿದೆ ಅಂತ ಹುಡುಕಿ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಮೊದಲು, ನೀರಿನಲ್ಲೋ ದಡದಲ್ಲೋ ಅನ್ನುವುದು. ನೀರಿನಲ್ಲೇ ಬಿಟ್ಟ ಬೋಟ್ ಒಳಗೆ ಹಿಮ ಕಟ್ಟುವ ಸಾಧ್ಯತೆ ಕಡಿಮೆ. ಫೆಬ್ರವರಿಯಲ್ಲೂ ಸೊಲೆಂಟ್ ನೀರು ಏಳೆಂಟು ಡಿಗ್ರಿ ಇರುತ್ತದೆ. ಬೋಟಿನ ಹೊಟ್ಟೆ ಆ ನೀರಿನಲ್ಲಿ ಮುಳುಗಿರುವುದರಿಂದ ಇಂಜಿನ್ ಸುತ್ತಲಿನ ಜಾಗ ಅಷ್ಟೊಂದು ತಣ್ಣಗಾಗುವುದಿಲ್ಲ. ದಡಕ್ಕೆ ಎತ್ತಿದಿರೋ, ನಾಲ್ಕೂ ಕಡೆಯಿಂದ ಗಾಳಿ. ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗಿಳಿದ ರಾತ್ರಿ ಒಳಗೂ ಅಷ್ಟೇ ಚಳಿ. ಇದು ಜಾಸ್ತಿ ಜನಕ್ಕೆ ಉಲ್ಟಾ ಅನಿಸುತ್ತದೆ. ದಡಕ್ಕೆ ಎತ್ತಿದರೆ ಬೋಟ್ ಸೇಫ್ ಅಂದುಕೊಂಡು ಇಂಜಿನ್ ಹಾಗೇ ಬಿಡುತ್ತಾರೆ, ಅದೇ ಇಂಜಿನ್ ಸೀಳುತ್ತದೆ.

ಆದರೂ ನಿಮಗೆ ನಾನು ಹೇಳುವುದು, ಈ ವರ್ಷ ಎತ್ತಿಸಿ. ಇದು ನಿಮ್ಮ ಮೊದಲ ವರ್ಷ. ಬೋಟ್ ಕೊಳ್ಳುವ ಹೊತ್ತಿಗೆ ಸರ್ವೇಯರ್ ನೋಡಿದ್ದು ಬಿಟ್ಟರೆ ತಳ ಹೇಗಿದೆ ಅಂತ ನಿಮಗೆ ಗೊತ್ತಿಲ್ಲ. ಸುಮಾರು 40 ವರ್ಷದ ಫೈಬರ್ ತೇವ ಹೀರಿಕೊಂಡಿರುತ್ತದೆ, ನಾಲ್ಕೈದು ತಿಂಗಳು ಒಣಗಿದರೆ ಅದಕ್ಕೆ ಒಳ್ಳೆಯದೇ. ಮುಖ್ಯವಾಗಿ, ಮಾರ್ಚ್‌ವರೆಗೆ ಹೋಗುವುದಿಲ್ಲ ಅಂದಿರಲ್ಲ, ಹೋಗದವರು ಬೋಟ್ ನೀರಿನಲ್ಲಿ ಬಿಡಬಾರದು. ಹಗ್ಗ ಸವೆಯುತ್ತದೆ, ಪಂಪಿನ ಬ್ಯಾಟರಿ ಇಳಿಯುತ್ತದೆ, ನೋಡುವವರು ಇರುವುದಿಲ್ಲ. ಎತ್ತಿಸುವ ಮೊದಲು ವಿಮೆ ಕಾಗದವನ್ನು ಒಮ್ಮೆ ಓದಿ. ಚಳಿಗಾಲದಲ್ಲಿ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ದಡದಲ್ಲೋ ನೀರಿನಲ್ಲೋ, ಹಾಯಿಕಂಬ ಇಳಿಸಬೇಕೋ ಬೇಡವೋ ಅಂತ ಷರತ್ತು ಇರುವುದುಂಟು.

ಎತ್ತುವ ದಿನ ನೀವೇ ಅಲ್ಲಿರಿ. ಕ್ರೇನಿನ ಪಟ್ಟಿ ಹೊಟ್ಟೆಯ ಕೆಳಗೆ ಎಲ್ಲಿ ಬರಬೇಕು ಅನ್ನುವುದು ನಿಮ್ಮ ಹೊಣೆ, ಕ್ರೇನಿನವರಿಗೆ ನೀರಿನ ಕೆಳಗೆ ಕಾಣುವುದಿಲ್ಲ. ಪಟ್ಟಿ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಕೂತರೆ ಶಾಫ್ಟ್ ಬಾಗುತ್ತದೆ. ವೇಗ ಅಳೆಯುವ ಪುಟ್ಟ ಚಕ್ರದ ಮೇಲೆ ಕೂತರೆ ಅದು ಪುಡಿ. ಸರ್ವೇ ಮಾಡಿಸಿದಾಗಿನ ಫೋಟೋ ಇದ್ದರೆ ಕೈಯಲ್ಲಿಟ್ಟುಕೊಳ್ಳಿ. ಕಂಬದ ತುದಿಯಿಂದ ಬೋಟಿನ ಹಿಂಬದಿಗೆ ಬಿಗಿದಿರುವ ಹಿಂದಿನ ತಂತಿ ಕ್ರೇನಿಗೆ ಅಡ್ಡ ಬರುತ್ತದಾ ಅಂತ ಮೊದಲೇ ಕೇಳಿ. ಅಡ್ಡ ಬಂದರೆ ಅದನ್ನು ಬಿಚ್ಚಬೇಕಾಗುತ್ತದೆ. ಬಿಚ್ಚುವ ಮೊದಲು ತಿರುಪು ಎಷ್ಟು ಸುತ್ತು ಇತ್ತು ಅಂತ ಟೇಪ್ ಸುತ್ತಿ ಗುರುತು ಮಾಡಿ.

ಮೇಲೆ ಬಂದ ತಕ್ಷಣ, ತಳ ಒದ್ದೆ ಇರುವಾಗಲೇ ಪ್ರೆಷರ್ ವಾಷ್ ಮಾಡಿಸಿ. ಊಟ ಮಾಡಿ ಬರುತ್ತೇವೆ ಅಂತ ಹೋದಿರೋ, ಪಾಚಿ ಒಣಗಿ ಬಣ್ಣಕ್ಕೆ ಹಿಡಿಯುತ್ತದೆ, ಚಿಪ್ಪುಗಳು ಸಿಮೆಂಟಿನ ಹಾಗೆ ಕೂರುತ್ತವೆ. ಆಮೇಲೆ ಕೆರೆದು ತೆಗೆಯಲು ಉಳಿಯೇ ಬೇಕು.

ತೊಳೆದಾದ ಮೇಲೆ ಸತುವಿನ ತುಂಡು ನೋಡಿ. ಪ್ರೊಪೆಲ್ಲರ್ ಹತ್ತಿರ ಬೋಲ್ಟ್ ಹಾಕಿರುತ್ತಾರೆ, ಆನೋಡ್ ಅನ್ನುತ್ತೇವೆ. ಕಂಚು, ಉಕ್ಕು ತಿನ್ನಿಸಿಕೊಳ್ಳಬಾರದು ಅಂತ ಅದನ್ನು ಬಲಿ ಕೊಡುವುದು. ಅರ್ಧ ಸವೆದಿದ್ದರೆ ಸರಿ, ಹೊಸದು ಹಾಕಿ. ಪೂರ್ತಿ ಹೋಗಿದ್ದರೆ ಎಲ್ಲೋ ವಿದ್ಯುತ್ ಸೋರುತ್ತಿದೆ. ಮರೀನಾದ ಕರೆಂಟಿಗೆ ಸದಾ ಪ್ಲಗ್ ಹಾಕಿಟ್ಟಿದ್ದಿರಾ ನೋಡಿ. ಹೊಸದರ ಹಾಗೆ ಒಂದು ಚೂರೂ ಸವೆಯದೆ ಇದ್ದರೆ ಖುಷಿ ಪಡಬೇಡಿ. ಒಳಗಿನ ವೈರ್ ಕಡಿದಿದೆ, ಅದು ಕೆಲಸವನ್ನೇ ಮಾಡಿಲ್ಲ, ಅದರ ಬದಲು ಪ್ರೊಪೆಲ್ಲರ್ ಸವೆದಿದೆ ಅಂತ ಅರ್ಥ. ಪ್ರೊಪೆಲ್ಲರನ್ನು ಉಜ್ಜಿ ನೋಡಿ. ಹಳದಿ ಇದ್ದರೆ ಸರಿ. ಗುಲಾಬಿ ಛಾಯೆ ಬಂದಿದ್ದರೆ ಅದರೊಳಗಿನ ಸತು ಹೋಗಿ ತಾಮ್ರ ಮಾತ್ರ ಉಳಿದಿದೆ. ಸಮುದ್ರದ ನೀರು ಒಳಬರುವ ಹೊರಹೋಗುವ ತೂತುಗಳ ಹಿತ್ತಾಳೆ ವಾಲ್ವಿಗೂ ಇದೇ ಪರೀಕ್ಷೆ. ಗುಲಾಬಿ ಕಂಡರೆ ವಸಂತದವರೆಗೆ ಯೋಚನೆ ಮಾಡುತ್ತಾ ಕೂರಬೇಡಿ, ಬೋಟ್ ದಡದಲ್ಲಿರುವಾಗಲೇ ಬದಲಾಯಿಸಿ.

ಬೋಟನ್ನು ನಿಲ್ಲಿಸುವ ರೀತಿ. ಭಾರವೆಲ್ಲ ಕೀಲ್ ಮೇಲೆ, ಅಂದರೆ ತಳದ ಭಾರದ ರೆಕ್ಕೆಯ ಮೇಲೆ, ಪಕ್ಕದ ಆಧಾರಗಳು ಬರೀ ಬೀಳದಂತೆ ಹಿಡಿಯುವುದಕ್ಕೆ. ಎದುರುಬದುರು ಆಧಾರಗಳ ನಡುವೆ ಸರಪಳಿ ಇರಲಿ. ಸರಪಳಿ ಇಲ್ಲದಿದ್ದರೆ ಬೋಟ್ ಅಲುಗಾಡಿದಂತೆಲ್ಲ ಕಾಲು ಹೊರಕ್ಕೆ ಜಾರುತ್ತದೆ. ಟಾರ್ಪಾಲಿನ ಹಗ್ಗವನ್ನು ಯಾವ ಕಾರಣಕ್ಕೂ ಆ ಆಧಾರಗಳಿಗೆ ಕಟ್ಟಬೇಡಿ. ಗಾಳಿ ಟಾರ್ಪಾಲನ್ನು ಎಳೆಯುತ್ತದೆ, ಟಾರ್ಪಾಲು ಕಾಲನ್ನು ಎಳೆಯುತ್ತದೆ.

ಗಾಳಿಯನ್ನು ಇಲ್ಲಿ ಹಗುರವಾಗಿ ತೆಗೆದುಕೊಳ್ಳಬೇಡಿ. 2022ರ ಫೆಬ್ರವರಿ 18ರಂದು ಯೂನಿಸ್ ಬಿರುಗಾಳಿ ಬಂದಾಗ ಐಲ್ ಆಫ್ ವೈಟ್‌ನ ನೀಡಲ್ಸ್‌ನಲ್ಲಿ ಗಂಟೆಗೆ 122 ಮೈಲಿಯ ಬೀಸು ದಾಖಲಾಯಿತು. ಅದು ಇಂಗ್ಲೆಂಡಿನ ದಾಖಲೆ. ನೀವು ಬೇಸಿಗೆಯಲ್ಲಿ ಫೋಟೋ ತೆಗೆದುಕೊಂಡು ಹಾದುಹೋದಿರಲ್ಲ, ಅದೇ ಬಿಳಿ ಬಂಡೆಗಳು. ಮುಂದಿನ ಹಾಯಿ ಸುತ್ತಿಟ್ಟಿದ್ದೇವೆ, ಸಾಕು ಅಂತ ಬಿಟ್ಟರೆ ಇಂಥ ಗಾಳಿ ಅದರ ತುದಿಯ ಒಂದು ಮೂಲೆಯನ್ನು ಹೊರಗೆಳೆಯುತ್ತದೆ. ಮೂಲೆ ಸಿಕ್ಕಿತೋ, ಹತ್ತು ನಿಮಿಷದಲ್ಲಿ ಪೂರ್ತಿ ಹಾಯಿ ಬಿಚ್ಚಿ ಬಡಿಯುತ್ತದೆ. ದಡದಲ್ಲಿ ಕೋಲುಗಳ ಮೇಲೆ ನಿಂತ ಬೋಟಿಗೆ ಹಾಯಿ ಬಿಚ್ಚಿದರೆ ಏನಾಗಬಹುದು ನೀವೇ ಯೋಚಿಸಿ. ಹಾಯಿ ಎಲ್ಲ ಇಳಿಸಿ. ಹಾಯಿ ಮೇಲೆ ಹೊದಿಸುವ ಬಟ್ಟೆ, ಚುಕ್ಕಾಣಿಯ ಹತ್ತಿರದ ಮಳೆಮರೆ, ಅದನ್ನೂ ಬಿಚ್ಚಿ. ಕಂಬ ಇಳಿಸುವ ಖರ್ಚು ಈ ವರ್ಷ ಮಾಡಲೇಬೇಕು ಅಂತ ನಾನು ಹೇಳುವುದಿಲ್ಲ. ಆದರೆ ತಂತಿಗಳು ಎಷ್ಟು ವರ್ಷದವು ಅಂತ ಹಳೆ ಮಾಲೀಕರನ್ನು ಕೇಳಿ. ಹತ್ತು ವರ್ಷ ದಾಟಿದ್ದರೆ ಹೇಗೂ ಬದಲಾಯಿಸಬೇಕು, ಆಗ ಕಂಬ ಈಗಲೇ ಇಳಿಸಿಬಿಡಿ.

ಹಾಯಿಗಳನ್ನು ಮನೆಯ ಹಿಂದಿನ ಹುಲ್ಲಿನ ಮೇಲೆ ಹರಡಿ, ಸಿಹಿನೀರು ಬಿಟ್ಟು ತೊಳೆಯಿರಿ. ವಾಷಿಂಗ್ ಮಷಿನ್ ಬೇಡ. ಬಟ್ಟೆಗೆ ಗಟ್ಟಿತನ ಕೊಟ್ಟಿರುವ ಅಂಟು ಒಡೆದು ಹಾಯಿ ಲುಂಗಿಯ ಹಾಗಾಗುತ್ತದೆ. ಪೂರ್ತಿ ಒಣಗಿದ ಮೇಲೆ ಮಡಚಿ. ಎಲ್ಲಿ ಹೊಲಿಗೆ ಬಿಟ್ಟಿದೆಯೋ ಅಲ್ಲಿ ಬಣ್ಣದ ಟೇಪ್ ಅಂಟಿಸಿ ಈಗಲೇ ಹಾಯಿ ಹೊಲಿಯುವವರಿಗೆ ಕೊಡಿ. ಏಪ್ರಿಲ್‌ನಲ್ಲಿ ಕೊಟ್ಟರೆ ದೀಪಾವಳಿ ಮುಂಚಿನ ವಾರ ದರ್ಜಿಗೆ ಬಟ್ಟೆ ಕೊಟ್ಟ ಹಾಗೆ. ಹಾಯಿ ಎತ್ತುವ ಹಗ್ಗಗಳನ್ನು ಹೊರಗೆಳೆದು ಅವುಗಳ ಬದಲು ಕಂಬದ ಒಳಗೆ ತೆಳು ದಾರ ಬಿಡಬಹುದು. ಬಿಡದಿದ್ದರೆ ಕನಿಷ್ಠ ಹಗ್ಗಗಳನ್ನು ಕಂಬದಿಂದ ದೂರ ಎಳೆದು ಕಟ್ಟಿ. ರಾತ್ರಿಯಿಡೀ ಟಂಗ್ ಟಂಗ್ ಅಂತ ಬಡಿದುಕೊಳ್ಳುವ ಬೋಟಿನ ಮಾಲೀಕರನ್ನು ಊರೆಲ್ಲ ಶಪಿಸುತ್ತದೆ.

ಈಗ ಇಂಜಿನ್. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ, ಯಾಕೆಂದರೆ ಇದರಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೇನೆ.

ಇಲ್ಲಿಗೆ ಬಂದ ಎರಡನೇ ಚಳಿಗಾಲ. ನಿಮ್ಮದರ ಹಾಗೆಯೇ ಸಮುದ್ರದ ನೀರಿನಲ್ಲಿ ತಣಿಯುವ ಇಂಜಿನ್. ನೀರು ಎಳೆಯುವ ಪೈಪನ್ನು ಒಂದು ಬಕೆಟ್ ಆಂಟಿಫ್ರೀಜ್‌ನಲ್ಲಿ, ಅಂದರೆ ಚಳಿಗೆ ಹೆಪ್ಪುಗಟ್ಟದ ದ್ರವದಲ್ಲಿ, ಮುಳುಗಿಸಿ ಇಂಜಿನ್ ಸ್ಟಾರ್ಟ್ ಮಾಡಿದೆ. ಒಂದೇ ನಿಮಿಷದಲ್ಲಿ ಹಿಂದಿನ ಹೊಗೆಕೊಳವೆಯಿಂದ ಗುಲಾಬಿ ಬಣ್ಣದ ನೀರು ಬಂತು. ಒಳಗೆಲ್ಲ ತುಂಬಿತು ಅಂದುಕೊಂಡು ಆಫ್ ಮಾಡಿ ಮನೆಗೆ ಹೋದೆ. ಜನವರಿಯಲ್ಲಿ ಮೂರು ರಾತ್ರಿ ಒಳ್ಳೆ ಹಿಮ ಬಿತ್ತು. ಮಾರ್ಚ್‌ನಲ್ಲಿ ಆಯಿಲ್ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದರೆ ಅದರ ತುದಿಯಲ್ಲಿ ಇಂಜಿನ್ ಆಯಿಲ್ ಇರಲಿಲ್ಲ. ಹಾಲು ಜಾಸ್ತಿ ಹಾಕಿದ ಕಾಫಿ ಇತ್ತು. ಇಂಜಿನ್‌ನ ಲೋಹದ ಒಡಲು, ಅಂದರೆ ಬ್ಲಾಕ್, ಸೀಳಿ ನೀರು ಆಯಿಲಿಗೆ ಇಳಿದಿತ್ತು.

ತಪ್ಪಿದ್ದು ಎಲ್ಲಿ? ಇಂಜಿನ್ ತಣ್ಣಗಿತ್ತು. ತಣ್ಣಗಿರುವಾಗ ಥರ್ಮೋಸ್ಟಾಟ್, ಅಂದರೆ ಬಿಸಿಗೆ ತೆರೆಯುವ ಕವಾಟ, ಮುಚ್ಚಿರುತ್ತದೆ. ನಿಮ್ಮಂಥ ಇಂಜಿನ್‌ನಲ್ಲಿ ಅದು ತೆರೆಯುವುದು 60 ಡಿಗ್ರಿ ಆಸುಪಾಸಿನಲ್ಲಿ. ಅಲ್ಲಿಯವರೆಗೆ ಪಂಪು ಎಳೆದ ನೀರು ಬ್ಲಾಕಿಗೆ ಹೋಗದೆ ಅಡ್ಡದಾರಿ ಹಿಡಿದು ನೇರವಾಗಿ ಹೊರಗೆ ಹೋಗುತ್ತದೆ. ನಾನು ನೋಡಿದ ಗುಲಾಬಿ ನೀರು ಆ ಅಡ್ಡದಾರಿಯದು. ಬ್ಲಾಕಿನೊಳಗೆ ಹಳೆ ಉಪ್ಪುನೀರು ಹಾಗೇ ಕೂತಿತ್ತು. ಉಪ್ಪುನೀರೂ ಹೆಪ್ಪುಗಟ್ಟುತ್ತದೆ, ಸೊನ್ನೆಗಿಂತ ಸುಮಾರು 1.8 ಡಿಗ್ರಿ ಕೆಳಗೆ, ಅಷ್ಟೇ ವ್ಯತ್ಯಾಸ.

ಅಂದಿನಿಂದ ನಾನು ಮಾಡುವ ಕ್ರಮ ಹೇಳುತ್ತೇನೆ. ಕೊನೆಯ ಸುತ್ತು ಮುಗಿಸಿ ಬಂದಾಗ, ಇಂಜಿನ್ ಬಿಸಿ ಇರುವಾಗಲೇ ಆಯಿಲ್ ಮತ್ತು ಅದರ ಫಿಲ್ಟರ್ ಬದಲಾಯಿಸಿ. ವಸಂತಕ್ಕೆ ಬಿಡಬೇಡಿ. ಬೇಸಿಗೆಯಿಡೀ ಉರಿದ ಡೀಸೆಲ್ಲಿನ ಆಮ್ಲ, ಮಸಿ ಎಲ್ಲ ಹಳೆ ಆಯಿಲಿನಲ್ಲಿ ಇರುತ್ತದೆ. ಅದು ಐದು ತಿಂಗಳು ಬೇರಿಂಗ್ ಮೇಲೆ ಕೂರಬಾರದು. ಹೊಸ ಆಯಿಲ್ ಹಾಕಿ ಒಂದೆರಡು ನಿಮಿಷ ಓಡಿಸಿ.

ದಡಕ್ಕೆ ಬಂದ ಮೇಲೆ ನೀರು ಎಳೆಯುವ ಪೈಪನ್ನು ವಾಲ್ವಿನಿಂದ ಕಳಚಿ ಬಕೆಟ್‌ನಲ್ಲಿಡಿ. ನಲ್ಲಿಯ ಪೈಪು ಬಕೆಟ್ಟಿಗೆ ಬೀಳಲಿ. ನಲ್ಲಿಯನ್ನು ನೇರವಾಗಿ ಇಂಜಿನ್‌ಗೆ ಜೋಡಿಸಬೇಡಿ, ಒತ್ತಡಕ್ಕೆ ನೀರು ಹೊಗೆಕೊಳವೆಯಲ್ಲಿ ತುಂಬಿ ಸಿಲಿಂಡರಿಗೆ ಹಿಂದಿರುಗಬಹುದು. ಇಂಜಿನ್ ಬಿಸಿಯಾಗುವವರೆಗೆ ಸಿಹಿನೀರಿನಲ್ಲಿ ಓಡಿಸಿ, ಒಳಗಿನ ಉಪ್ಪು ತೊಳೆದು ಹೋಗಲಿ. ಆಫ್ ಮಾಡಿ, ಬ್ಲಾಕಿನ ಪಕ್ಕದಲ್ಲಿರುವ ಪುಟ್ಟ ನಲ್ಲಿ ತೆರೆಯಿರಿ. ಬಿಸಿನೀರು, ಕೈ ಜೋಪಾನ. ನೀರು ಬರದಿದ್ದರೆ ಒಳಗೆ ನೀರಿಲ್ಲ ಅಂತಲ್ಲ, ತುಕ್ಕಿನ ಚಕ್ಕೆ ತೂತಿಗೆ ಅಡ್ಡ ಬಂದಿದೆ. ತಂತಿ ಹಾಕಿ ಚುಚ್ಚಿ. ಮೊದಲು ಕೆಂಪು ಕೆಸರು ಬರುತ್ತದೆ, ಆಮೇಲೆ ದಾರದಂತೆ ನೀರು, ಆಮೇಲೆ ಧಾರೆ. ನಿಂತ ಮೇಲೆ ನಲ್ಲಿ ಮುಚ್ಚಿ. ಇಂಜಿನ್ ತಣಿದ ಮೇಲೆ ಥರ್ಮೋಸ್ಟಾಟನ್ನೇ ಬಿಚ್ಚಿ ತೆಗೆದು, ಆ ಜಾಗದಿಂದಲೇ ಆಂಟಿಫ್ರೀಜ್ ಸುರಿಯಿರಿ, ತುಂಬಿ ಬರುವವರೆಗೆ. ಮತ್ತೆ ಜೋಡಿಸಿ. ಕೊನೆಗೆ ಬಕೆಟ್‌ನಿಂದ ಅರ್ಧ ನಿಮಿಷ ಆಂಟಿಫ್ರೀಜ್ ಎಳೆಸಿ. ಪಂಪು, ಪೈಪು, ಹೊಗೆಕೊಳವೆಯ ಡಬ್ಬಿ ತುಂಬುವುದಕ್ಕೆ ಅಷ್ಟು ಸಾಕು. ಹಿಂದೆ ಇನ್ನೊಂದು ಬಕೆಟ್ ಇಟ್ಟು ಹೊರಬಂದದ್ದನ್ನು ಹಿಡಿಯಿರಿ. ಪ್ರೊಪಿಲೀನ್ ಗ್ಲೈಕಾಲ್ ಇರುವ ಆಂಟಿಫ್ರೀಜ್ ಕೊಳ್ಳಿ. ಎಥಿಲೀನ್ ಇರುವುದು ಅಗ್ಗ, ಆದರೆ ವಿಷ. ರುಚಿ ಸಿಹಿ ಬೇರೆ, ನಾಯಿ ಬೆಕ್ಕು ನೆಕ್ಕುತ್ತವೆ.

ಇದಾದ ಮೇಲೆ ಪಂಪಿನ ಮುಚ್ಚಳ ತೆಗೆದು ನೀರು ತಳ್ಳುವ ರಬ್ಬರಿನ ಚಕ್ರ, ಇಂಪೆಲ್ಲರ್, ಹೊರಗೆ ತೆಗೆಯಿರಿ. ಚಳಿಗಾಲವಿಡೀ ಒಂದೇ ಭಂಗಿಯಲ್ಲಿ ಮಡಚಿಕೊಂಡು ಕೂತರೆ ಅದರ ರೆಕ್ಕೆಗಳು ಹಾಗೇ ಸೆಟೆಯುತ್ತವೆ. ಒಂದು ರೆಕ್ಕೆ ಮುರಿದು ಕಾಣೆಯಾಗಿದ್ದರೆ ಹೊಸದು ಹಾಕಿ ಸುಮ್ನೆ ಆಗಬೇಡಿ. ಆ ತುಂಡು ಮುಂದಿನ ಪೈಪಿನಲ್ಲೆಲ್ಲೋ ಸಿಕ್ಕಿಕೊಂಡಿದೆ, ಹುಡುಕಿ ತೆಗೆಯಿರಿ. ಇಲ್ಲದಿದ್ದರೆ ಬರುವ ಜುಲೈಯಲ್ಲಿ ಸರಿಯಾಗಿ ನೀಡಲ್ಸ್ ಹತ್ತಿರ ಇಂಜಿನ್ ಬಿಸಿಯೇರುತ್ತದೆ. ವಸಂತದಲ್ಲಿ ಹೊಸದು ಹಾಕುವಾಗ ಪಾತ್ರೆ ತೊಳೆಯುವ ಸೋಪೋ ಗ್ಲಿಸರಿನ್ನೋ ಸವರಿ. ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ.

ಡೀಸೆಲ್ ಟ್ಯಾಂಕ್ ತುಂಬಿಸಿಡಿ. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿ ಬೆವರಿ ನೀರು ಇಳಿಯುತ್ತದೆ ಅನ್ನುತ್ತಾರೆ. ನಿಜವೇ, ಆದರೆ ನಾನು ಬಿಚ್ಚಿದ ಟ್ಯಾಂಕುಗಳಲ್ಲಿ ಕಂಡ ನೀರಿನಲ್ಲಿ ಜಾಸ್ತಿ ಪಾಲು ಬಂದದ್ದು ಮೇಲಿನ ಮುಚ್ಚಳದ ಸವೆದ ರಬ್ಬರ್ ಉಂಗುರದಿಂದ. ಆ ಉಂಗುರಕ್ಕೆ ಒಂದೆರಡು ಪೌಂಡ್ ಇರಬಹುದು. ಅದನ್ನು ಬದಲಾಯಿಸದೆ ಔಷಧಿ ಸುರಿಯುವವರೇ ಜಾಸ್ತಿ. ಡೀಸೆಲ್ ಮತ್ತು ನೀರು ಸೇರುವ ಗೆರೆಯಲ್ಲಿ ಒಂದು ಬಗೆಯ ಬೂಷ್ಟು ಬೆಳೆಯುತ್ತದೆ. ಕಪ್ಪು ಲೋಳೆ, ಫಿಲ್ಟರ್ ಕಟ್ಟುವುದು ಅದೇ. ನೀರಿಲ್ಲದಿದ್ದರೆ ಅದಕ್ಕೆ ಬದುಕಿಲ್ಲ. ಫಿಲ್ಟರಿನ ಕೆಳಗಿನ ಬಟ್ಟಲಿನಿಂದ ಸ್ವಲ್ಪ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಬಿಟ್ಟು, ಒಂದು ಗಂಟೆ ಬಿಟ್ಟು ನೋಡಿ. ತಳದಲ್ಲಿ ನೀರಿನ ಗೆರೆ ಕಂಡರೆ ಗೊತ್ತಾಗುತ್ತದೆ.

ಮುಂದೆ ಕುಡಿಯುವ ನೀರು. ಟ್ಯಾಂಕ್ ಖಾಲಿ ಮಾಡಿ, ನಲ್ಲಿಗಳನ್ನು ತೆರೆದೇ ಬಿಡಿ, ಬಿಸಿನೀರಿನ ಹಂಡೆ ಇದ್ದರೆ ಅದರ ತಳದ ನಲ್ಲಿಯನ್ನೂ ತೆರೆಯಿರಿ. ಎಲ್ಲರೂ ಮರೆಯುವುದು ಎರಡು ಕಡೆ. ಕಾಲಿನಲ್ಲಿ ಒತ್ತುವ ಪಂಪು, ಮತ್ತೆ ಹಿಂದೆ ಕಾಲು ತೊಳೆಯಲು ಇಟ್ಟಿರುವ ಶವರಿನ ಪೈಪು. ಅಲ್ಲೊಂದು ಲೋಟ ನೀರು ಉಳಿದಿರುತ್ತದೆ, ಒಡೆಯಲು ಅಷ್ಟು ಸಾಕು.

ಟಾಯ್ಲೆಟ್ ಪೈಪಿನಲ್ಲಿ ಸಮುದ್ರದ ನೀರು ಬಿಟ್ಟರೆ ಅದರಲ್ಲಿರುವ ಸಣ್ಣ ಜೀವಿಗಳು ಸತ್ತು ಕೊಳೆತ ಮೊಟ್ಟೆಯ ವಾಸನೆ ಹಿಡಿಯುತ್ತದೆ, ಮಾರ್ಚ್‌ನಲ್ಲಿ ಬಾಗಿಲು ತೆಗೆದವರು ಹಿಂದೆ ಸರಿಯಬೇಕು. ಸಿಹಿನೀರಿನಲ್ಲಿ ಚೆನ್ನಾಗಿ ಪಂಪ್ ಮಾಡಿ, ಒಂದು ರಾತ್ರಿ ವಿನೆಗರ್ ಬಿಟ್ಟು, ಮತ್ತೆ ತೊಳೆದು, ಕೊನೆಗೆ ಸ್ವಲ್ಪ ಆಂಟಿಫ್ರೀಜ್ ಪಂಪ್ ಮಾಡಿ ಬಿಡಿ.

ತಳದ ವಾಲ್ವುಗಳು. ಬೋಟ್ ದಡದಲ್ಲಿದ್ದಾಗ ಎಲ್ಲ ತೆರೆದಿರಲಿ. ಮುಚ್ಚಿದ ವಾಲ್ವಿನ ಗುಂಡಿನ ಹೊಟ್ಟೆಯಲ್ಲಿ ನೀರು ಸಿಕ್ಕಿಕೊಂಡು ಹಿಮವಾಗಿ ಲೋಹ ಬಿರಿಯುತ್ತದೆ. ಅದರಲ್ಲೂ ಹಿಂದೆ ನೀವು ಕೂರುವ ಕಾಕ್‌ಪಿಟ್ಟಿನ ಮಳೆನೀರು ಇಳಿಯುವ ಕೊಳವೆಯ ವಾಲ್ವನ್ನು ನೀರಿನಲ್ಲಿರಲಿ, ದಡದಲ್ಲಿರಲಿ, ಮುಚ್ಚಬಾರದು. ಒಮ್ಮೆ ನವೆಂಬರ್‌ನಲ್ಲಿ ಒಂದು ಬೋಟ್ ನೋಡಲು ಏಣಿ ಹತ್ತಿದೆ. ಕಾಕ್‌ಪಿಟ್ ಬಾತ್‌ಟಬ್ ಆಗಿತ್ತು, ಬೆಂಚಿನ ಮಟ್ಟದವರೆಗೆ ನೀರು. ಬೆಂಚಿನ ಮುಚ್ಚಳದ ಸಂದಿನಿಂದ ಅದು ಒಳಗಿಳಿದು ಇಂಜಿನ್ ಅರ್ಧ ಮುಳುಗಿತ್ತು. ಅಂಗಿಯ ತೋಳು ಮಡಚಿ ಕೈ ಹಾಕಿ ತೂತು ತಡಕಿದೆ. ಕೈಗೆ ಸಿಕ್ಕಿದ್ದು ಒಂದು ಎಲೆ. ಒಂದೇ ಒಂದು, ಅಂಗೈ ಅಗಲದ್ದು. ಎಳೆದ ತಕ್ಷಣ ಗುಳುಗುಳು ಅಂತ ನೀರು ಇಳಿಯಿತು. ಬೋಟ್ ಅಷ್ಟು ದಿನ ನಿಂತಿದ್ದದ್ದು ಮರದ ಕೆಳಗೆ.

ಇನ್ನು ಒಳಗಿನ ತೇವ. ತೀರ್ಥಹಳ್ಳಿ ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದು ನೋಡಿದ್ದೀರಲ್ವಾ? ನಿಮ್ಮ ಬೋಟಿನ ಕುಶನ್‌ಗಳಲ್ಲೂ ಆಗುವುದು ಅದೇ. ಬೇಸಿಗೆಯಲ್ಲಿ ಒದ್ದೆ ಬಟ್ಟೆಯಲ್ಲಿ ಕೂತಿದ್ದೀರಿ, ನೀರು ಆರಿದೆ, ಉಪ್ಪು ಉಳಿದಿದೆ. ಆ ಉಪ್ಪು ಚಳಿಗಾಲವಿಡೀ ಗಾಳಿಯಿಂದ ತೇವ ಎಳೆಯುತ್ತದೆ. ಎಷ್ಟು ಒಣಗಿಸಿದರೂ ಪ್ರಯೋಜನ ಇಲ್ಲ. ಕವರ್ ಬಿಚ್ಚಿ ಒಗೆಯಿರಿ, ಒಳಗೋಡೆ, ನೆಲ, ಕಪಾಟು ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ. ಉಪ್ಪು ಹೋದರೆ ಅರ್ಧ ಬೂಷ್ಟು ಹೋದ ಹಾಗೆ. ಕುಶನ್ ಮನೆಗೆ ಒಯ್ಯಲು ಜಾಗ ಇಲ್ಲದಿದ್ದರೆ ನೆಟ್ಟಗೆ ನಿಲ್ಲಿಸಿಡಿ. ಕಪಾಟಿನ ಬಾಗಿಲು, ನೆಲದ ಹಲಗೆ ಎಲ್ಲ ತೆರೆದಿಡಿ.

ಗಾಳಿ ಆಡಿಸುವುದಾ, ಯಂತ್ರ ಇಟ್ಟು ತೇವ ಹೀರಿಸುವುದಾ? ಎರಡರಲ್ಲಿ ಒಂದು ಮಾಡಿ. ಗಾಳಿಕಿಂಡಿ ತೆರೆದಿಟ್ಟು ಒಳಗೆ ತೇವ ಹೀರುವ ಡಬ್ಬಿ ಇಡುವವರು ಇಡೀ ಹ್ಯಾಂಪ್‌ಶೈರಿನ ಗಾಳಿ ಒಣಗಿಸಲು ಹೊರಟವರು. ಡಬ್ಬಿ ತುಂಬುತ್ತದೆ, ಬೋಟ್ ಒಣಗುವುದಿಲ್ಲ. ನೀವು ತಿಂಗಳುಗಟ್ಟಲೆ ಹೋಗದವರು, ಯಾರ್ಡಿನಲ್ಲಿ ಕರೆಂಟ್ ಹಾಕಿ ಬಿಟ್ಟು ಹೋಗಲು ಬಿಡುತ್ತಾರೋ ಇಲ್ಲವೋ. ಹಾಗಾಗಿ ಗಾಳಿ ಆಡಲು ಬಿಡಿ, ಅದಕ್ಕೆ ಬಿಲ್ಲೂ ಇಲ್ಲ. ಫ್ಯಾನ್ ಹೀಟರ್ ಹಚ್ಚಿ ಬಾಗಿಲು ಹಾಕಿ ಬರುವ ಮಾತೇ ಬೇಡ, ಫೈಬರ್ ಬೋಟ್ ಹತ್ತಿಕೊಂಡರೆ ಉಳಿಯುವುದು ಕೀಲ್ ಮಾತ್ರ.

ಟಾರ್ಪಾಲಿನ ಬಗ್ಗೆಯೂ ನನಗೆ ಅಷ್ಟಕ್ಕಷ್ಟೇ. ಮಲ್ಪೆಯಲ್ಲಿ ದಡಕ್ಕೆಳೆದ ನಾಡದೋಣಿಗಳ ಮೇಲೆ ಹಿಂದೆ ತೆಂಗಿನ ಮಡಲು ಹೆಣೆದು ಹೊದಿಸುತ್ತಿದ್ದರು. ಮಳೆ ಜಾರುತ್ತಿತ್ತು, ಗಾಳಿ ನುಗ್ಗುತ್ತಿತ್ತು. ನೀಲಿ ಪ್ಲಾಸ್ಟಿಕ್ ಬಿಗಿದು ಕಟ್ಟಿದರೆ ಕೆಳಗೆ ಬೆವರು, ಅಂಚಿನಲ್ಲಿ ಗಾಳಿಗೆ ಬಡಿದು ಬಡಿದು ಬಣ್ಣ ಕೆರೆದು ಹೋಗುತ್ತದೆ. ಮಧ್ಯೆ ಉದ್ದಕ್ಕೆ ಒಂದು ಕೋಲು ಕಟ್ಟಿ ಗುಡಾರದ ಹಾಗೆ ಇಳಿಬಿಟ್ಟು, ಎರಡೂ ತುದಿ ತೆರೆದಿಡುವುದಾದರೆ ಹೊದಿಸಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಬೇಡ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ತಂತಿ ಬಿಚ್ಚಿ. ತುಂಬಿದ ಲೆಡ್ ಬ್ಯಾಟರಿ ಇಂಗ್ಲೆಂಡಿನ ಯಾವ ಚಳಿಗೂ ಹೆಪ್ಪುಗಟ್ಟುವುದಿಲ್ಲ, ಖಾಲಿಯಾದದ್ದು ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೇ ಗಟ್ಟಿಯಾಗುತ್ತದೆ. ಮೀಟರ್ 12.7 ತೋರಿಸಿದರೆ ತುಂಬಿದೆ, 12.4ಕ್ಕೆ ಇಳಿದರೆ ಮತ್ತೆ ಚಾರ್ಜ್ ಮಾಡಿ. ಗ್ಯಾಸ್ ಸಿಲಿಂಡರ್ ಬಳಿಯೇ ಮುಚ್ಚಿ, ಪೈಪು ಕಳಚಿ. ಪುಟ್ಟ ರಬ್ಬರ್ ದೋಣಿಯ ಪೆಟ್ರೋಲ್ ಇಂಜಿನ್ ಇದ್ದರೆ ಸಿಹಿನೀರಿನ ಡ್ರಮ್ಮಿನಲ್ಲಿ ಓಡಿಸಿ, ಪೆಟ್ರೋಲ್ ಮುಚ್ಚಿ ಅದೇ ನಿಲ್ಲುವವರೆಗೆ ಬಿಡಿ. 2021ರಿಂದ ಇಲ್ಲಿನ ಮಾಮೂಲಿ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥನಾಲ್ ಇರುತ್ತದೆ, ಕಾರ್ಬ್ಯುರೇಟರಿನಲ್ಲಿ ಉಳಿದರೆ ಅಂಟಾಗುತ್ತದೆ. ಲೈಫ್‌ಜಾಕೆಟ್‌ಗಳನ್ನು ಮನೆಗೆ ಒಯ್ದು, ಗ್ಯಾಸಿನ ಪುಟ್ಟ ಸಿಲಿಂಡರ್ ತೆಗೆದು, ಬಾಯಲ್ಲಿ ಊದಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಸೊರಗಿದ್ದರೆ ಅದು ಜಾಕೆಟ್ ಅಲ್ಲ, ಬರೀ ಅಂಗಿ.

ಅಕ್ಕಿ, ಅವಲಕ್ಕಿ ಎಲ್ಲ ಮನೆಗೆ. ಯಾರ್ಡಿನಲ್ಲಿ ಇಲಿಗಳಿರುತ್ತವೆ, ಆಧಾರದ ಕೋಲು ಹತ್ತಿ ಬರುತ್ತವೆ. ಅಕ್ಕಿ ತಿಂದು ಸುಮ್ನೆ ಹೋಗುವುದಿಲ್ಲ, ಆಮೇಲೆ ವೈರ್ ಕಡಿಯುತ್ತವೆ. ಉಪ್ಪಿನಕಾಯಿ ಕೆಡುವುದಿಲ್ಲ, ಆದರೆ ಅದರ ಎಣ್ಣೆ ಮುಚ್ಚಳದಿಂದ ಜಿನುಗಿ ಕಪಾಟಿನ ಮರಕ್ಕೆ ಹಿಡಿದರೆ ಮೂರು ವರ್ಷ ವಾಸನೆ. ನನ್ನ ಬೋಟಿನಲ್ಲಿ ಇನ್ನೂ ಇದೆ.

ಮಾರ್ಚ್‌ವರೆಗೆ ಹೋಗುವುದಿಲ್ಲ ಅಂದಿರಲ್ಲ, ಅದೊಂದು ಬದಲಾಯಿಸಿ. ಸೌತಾಂಪ್ಟನ್‌ನಿಂದ ಹ್ಯಾಂಬಲ್ ಎಷ್ಟು ದೂರ, ಅರ್ಧ ಗಂಟೆ. ತಿಂಗಳಿಗೊಮ್ಮೆ, ದೊಡ್ಡ ಗಾಳಿ ಬಂದ ಮಾರನೇ ದಿನ ಒಮ್ಮೆ, ಇಬ್ಬರಲ್ಲಿ ಒಬ್ಬರು ಹೋಗಿ ಏಣಿ ಹತ್ತಿ. ಕಾಕ್‌ಪಿಟ್ಟಿನ ತೂತಿನಲ್ಲಿ ಕೈ ಹಾಕಿ ಎಲೆ ತೆಗೆಯಿರಿ, ನೆಲದ ಹಲಗೆ ಎತ್ತಿ ತಳದಲ್ಲಿ ನೀರಿದೆಯಾ ನೋಡಿ, ಆಧಾರದ ಕೋಲುಗಳು ಬಿಗಿಯಾಗಿವೆಯಾ ಅಂತ ಕೈಯಿಂದ ಅಲ್ಲಾಡಿಸಿ. ಸಡಿಲ ಕಂಡರೆ ನೀವೇ ಮುಟ್ಟಬೇಡಿ, ಯಾರ್ಡಿನವರನ್ನು ಕರೆಯಿರಿ.

ಇಂಜಿನ್ ಕೀಲಿಗೆ ಒಂದು ರಟ್ಟಿನ ಚೀಟಿ ಕಟ್ಟಿ. ಏನೇನು ಬಿಚ್ಚಿದ್ದೀರಿ, ಏನೇನು ತೆರೆದಿಟ್ಟಿದ್ದೀರಿ ಎಲ್ಲ ಬರೆಯಿರಿ: ಇಂಪೆಲ್ಲರ್ ಇಲ್ಲ, ನೀರಿನ ಪೈಪು ಕಳಚಿದೆ, ಐದು ವಾಲ್ವು ತೆರೆದಿವೆ, ಹಿಂದಿನ ತಂತಿ ಬಿಚ್ಚಿದೆ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಏಪ್ರಿಲ್‌ನಲ್ಲಿ ಬೋಟ್ ನೀರಿಗೆ ಇಳಿಯುವಾಗ ಕ್ರೇನಿನವರಿಗೆ ಅವಸರ ಇರುತ್ತದೆ, ನಿಮಗೆ ಸಂಭ್ರಮ ಇರುತ್ತದೆ, ಐದು ತೂತು ತೆರೆದಿರುವುದು ಇಬ್ಬರಿಗೂ ನೆನಪಿರುವುದಿಲ್ಲ.